ಪೊಟ್ಟಣದ ಹಿಂಬದಿಯಲ್ಲಿ ಅಡಗಿದ ಸಿಹಿ

ಚಹಕ್ಕೆ ಸಕ್ಕರೆ ಬಿಟ್ಟೆವೆಂದು ಸಮಾಧಾನ ತಾಳುವ ನಾವು, ಅದೇ ಚಹದೊಡನೆ ನಾಲ್ಕಾರು ಮಾರಿ ಬಿಸ್ಕತ್ತುಗಳನ್ನು ನಿಸ್ಸಂಕೋಚವಾಗಿ ತಿನ್ನುತ್ತೇವೆ. ರೋಗಿಗಳನ್ನು ಕಾಣಲು ಹೋಗುವಾಗಲೂ ಅದರದೇ ಪೊಟ್ಟಣವನ್ನು ಒಯ್ಯುತ್ತೇವೆ. ಇಂತಹ ಬಿಸ್ಕತ್ತಿನ 100 ಗ್ರಾಂನಲ್ಲಿ ಸುಮಾರು 20 ಗ್ರಾಂ ಸಕ್ಕರೆ ಇರುವುದು ಸಾಮಾನ್ಯ. ಉಳಿದುದರಲ್ಲಿ ಹೆಚ್ಚಿನದು ಮೈದಾ. ಟೊಮೆಟೊ ಸಾಸಿನಲ್ಲಿಯೂ ಮಕ್ಕಳ ಹಾಲಿಗೆ ಬೆರೆಸುವ ಪುಡಿಯಲ್ಲಿಯೂ ಸಕ್ಕರೆಯ ಪಾಲು ಸಣ್ಣದಲ್ಲ.

ಸೇರಿಸಿದ ಸಕ್ಕರೆ, ಜೇನು ಹಾಗೂ ಹಣ್ಣಿನ ರಸದಿಂದ ಬರುವ ಶಕ್ತಿಯು ದಿನದ ಒಟ್ಟು ಶಕ್ತಿಯ ಶೇ. 10ಕ್ಕಿಂತ ಕಡಿಮೆಯಿರಬೇಕು, ಶೇ. 5ಕ್ಕಿಂತ ಕೆಳಗಿಳಿದರೆ ಇನ್ನೂ ಒಳಿತು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಶೇ. 5 ಎಂದರೆ ವಯಸ್ಕರಿಗೆ ಸುಮಾರು 25 ಗ್ರಾಂ, ಅಂದರೆ ಆರು ಸಣ್ಣ ಚಮಚ. 300 ಮಿ.ಲೀ. ತಂಪು ಪಾನೀಯವೊಂದೇ ಈ ಮಿತಿಯನ್ನು ದಾಟಿಸಬಲ್ಲದು.

ಪೊಟ್ಟಣದ ಮುಂಬದಿಯ ಚಿತ್ರ ಮಾರಾಟಕ್ಕಾಗಿ ಇರುವಂಥದು, ಓದಬೇಕಾದುದು ಹಿಂಬದಿಯನ್ನು. ಅಲ್ಲಿ ಘಟಕಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆದಿರುತ್ತಾರೆ. ಸಕ್ಕರೆಯ ಜೊತೆಗೆ ಇನ್ವರ್ಟ್ ಸಿರಪ್, ಲಿಕ್ವಿಡ್ ಗ್ಲೂಕೋಸ್, ಡೆಕ್ಸ್‌ಟ್ರೋಸ್ ಎಂದು ಸಿಹಿಯನ್ನು ಹಂಚಿದಾಗ ಒಂದೊಂದೂ ಪಟ್ಟಿಯಲ್ಲಿ ಕೆಳಗೆ ಸರಿಯುತ್ತದೆ, ಮೊತ್ತವೇನೂ ತಗ್ಗುವುದಿಲ್ಲ. ಮಾಲ್ಟೋಡೆಕ್ಸ್‌ಟ್ರಿನ್ ಎಂಬುದು ನಾಲಿಗೆಗೆ ಅಷ್ಟಾಗಿ ಸಿಹಿಯೆನಿಸದು; ಆದರೂ ರಕ್ತದ ಗ್ಲೂಕೋಸನ್ನು ಬೇಗನೆ ಏರಿಸುತ್ತದೆ. ಬೆಲ್ಲ ಹಾಕಿದ್ದೇವೆಂಬ ಜಾಹೀರಾತಿಗೂ ಮರುಳಾಗಬೇಕಿಲ್ಲ, ಬೆಲ್ಲದ ಬಹುಪಾಲು ಅದೇ ಸುಕ್ರೋಸ್.

ಹಾಗಾದರೆ 'ಶುಗರ್ ಫ್ರೀ' ಲೇಸೇ? ಪಟ್ಟಿಯಲ್ಲಿ 950, 951, 954, 955 ಎಂಬ ಸಂಖ್ಯೆಗಳಿದ್ದರೆ ಅವು ಕ್ರಮವಾಗಿ ಅಸೆಸಲ್ಫೇಮ್, ಆಸ್ಪರ್ಟೇಮ್, ಸ್ಯಾಕರಿನ್, ಸುಕ್ರಲೋಸ್ ಎಂದು ತಿಳಿಯಬೇಕು. ತೂಕ ಇಳಿಸಲು ಇಂತಹ ಕೃತಕ ಸಿಹಿಗಳನ್ನು ನೆಚ್ಚಬಾರದೆಂದು ಅದೇ ಸಂಸ್ಥೆ 2023ರಲ್ಲಿ ಸಲಹೆಯಿತ್ತಿದೆ. ಈಗಾಗಲೇ ಮಧುಮೇಹವುಳ್ಳವರಿಗೆ ಆ ಸಲಹೆ ಅನ್ವಯಿಸದು, ಅವರು ತಮ್ಮ ವೈದ್ಯರನ್ನೇ ಕೇಳಬೇಕು. ಫಿನೈಲ್‌ಕೀಟೋನೂರಿಯಾ ಎಂಬ ಹುಟ್ಟುರೋಗವಿರುವ ಮಕ್ಕಳಿಗೆ ಆಸ್ಪರ್ಟೇಮ್ ಸರ್ವಥಾ ಸಲ್ಲದು. ಮಾಲ್ಟಿಟಾಲ್ ಬೆರೆಸಿದ ಚಾಕೊಲೇಟನ್ನು ಹೆಚ್ಚು ತಿಂದರೆ ಹೊಟ್ಟೆ ಉಬ್ಬರಿಸಿ ಭೇದಿಯಾದೀತು.

ನಮ್ಮ ಮನೆಗಳಲ್ಲಿ ಹುರಿಗಡಲೆ, ಶೇಂಗಾ, ಚುರುಮುರಿ, ಬಾಳೆಹಣ್ಣು, ಮಜ್ಜಿಗೆ ಇರುವಾಗ ಸಂಜೆಯ ಹಸಿವಿಗೆ ಪೊಟ್ಟಣವನ್ನು ಒಡೆಯಬೇಕಾದ ಪ್ರಮೇಯವೇ ವಿರಳ. ಆದರೆ ಇನ್ಸುಲಿನ್ ಪಡೆಯುವವರಿರುವ ಮನೆಯಲ್ಲಿ ಸಕ್ಕರೆಯ ಡಬ್ಬಿಯನ್ನು ಪೂರ್ತಿ ಹೊರಹಾಕಬಾರದು. ಅವರು ಬೆವರಿ, ನಡುಗಿ, ರಕ್ತದ ಸಕ್ಕರೆ ಕುಸಿಯತೊಡಗಿದಾಗ ಕೃತಕ ಸಿಹಿಯ ಪಾನೀಯದಿಂದ ಪ್ರಯೋಜನವಿಲ್ಲ. ಎಚ್ಚರವಿದ್ದು ನುಂಗಬಲ್ಲವರಾದರೆ ಮೂರು ನಾಲ್ಕು ಚಮಚ ನಿಜವಾದ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೂಡಲೇ ಕುಡಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.