ರಾಯಭಾರ ಕಚೇರಿಗೆ ಮೊಬೈಲ್ ಸೇವೆ: ಸರ್ಕಾರಿ ಖರೀದಿಯ ಕ್ರಮ ಮತ್ತು ವರ್ತಕರು ಅರಿಯಬೇಕಾದ ಅಂಶಗಳು

ವಿದೇಶದಲ್ಲಿರುವ ರಾಯಭಾರ ಕಚೇರಿಗೂ ಇತರ ಕಚೇರಿಗಳಂತೆಯೇ ಮೊಬೈಲ್ ಸಂಪರ್ಕ ಬೇಕು. ತಿಂಗಳು ತುಂಬಿದೊಡನೆ ಬಿಲ್ಲು ಪಾವತಿಯಾಗಬೇಕು. ಆದರೆ ಆ ಬಿಲ್ಲನ್ನು ತೆರುವುದು ಸಾರ್ವಜನಿಕರ ತೆರಿಗೆಯ ಹಣದಿಂದ. ಆದಕಾರಣ ಖಾಸಗಿ ವ್ಯಕ್ತಿಯೊಬ್ಬನು ಅಂಗಡಿಗೆ ಹೋಗಿ ಸಿಮ್ ಕಾರ್ಡ್ ಕೊಳ್ಳುವಂತೆ ರಾಯಭಾರ ಕಚೇರಿಯು ಕೊಳ್ಳಲಾಗದು. ಹಾಲುರಾಮೇಶ್ವರದಲ್ಲಿಯೋ ಹೊಸದುರ್ಗದಲ್ಲಿಯೋ ಅಂಗಡಿ ಇಟ್ಟವರಿಗೆ ಈ ವಿಷಯ ಬಲು ದೂರದ್ದೆಂದು ತೋರಬಹುದು. ಆದರೆ ತಾಲ್ಲೂಕು ಕಚೇರಿಯ ಟೆಂಡರಿಗೂ ರಾಯಭಾರ ಕಚೇರಿಯ ಟೆಂಡರಿಗೂ ತತ್ತ್ವ ಒಂದೇ. ಅದನ್ನು ಅರಿಯದೆ ದರ ನಮೂದಿಸಿದವರು ಲಾಭವನ್ನಷ್ಟೇ ಅಲ್ಲ, ಬಂಡವಾಳವನ್ನೂ ಕಳೆದುಕೊಳ್ಳುವ ಸಂಭವವಿದೆ.

ಖರೀದಿಯ ಚೌಕಟ್ಟು

ಭಾರತ ಸರ್ಕಾರದ ಖರೀದಿಗೆ ಆಧಾರವಾಗಿರುವುದು ಸಾಮಾನ್ಯ ಹಣಕಾಸು ನಿಯಮಗಳು, 2017. ಇವು 2005ರ ನಿಯಮಗಳ ಸ್ಥಾನದಲ್ಲಿ ಬಂದವು. ದಕ್ಷತೆ, ಮಿತವ್ಯಯ, ಪಾರದರ್ಶಕತೆ, ಸರಬರಾಜುದಾರರನ್ನು ಸಮಾನವಾಗಿ ಕಾಣುವುದು ಮತ್ತು ಸ್ಪರ್ಧೆಗೆ ಅವಕಾಶ, ಇವುಗಳಿಗೆ ಖರೀದಿ ಮಾಡುವ ಅಧಿಕಾರಿಯೇ ಹೊಣೆಯೆಂದು ನಿಯಮ 144 ಹೇಳುತ್ತದೆ.

ದೇಶದೊಳಗಿನ ಕೇಂದ್ರ ಸರ್ಕಾರಿ ಕಚೇರಿಗಳು 2016ರಲ್ಲಿ ಆರಂಭವಾದ ಸರ್ಕಾರಿ ಇ-ಮಾರುಕಟ್ಟೆಯಾದ ಜೆಮ್ ಮೂಲಕ, ಅಲ್ಲಿ ದೊರೆಯುವ ಸರಕು ಮತ್ತು ಸೇವೆಗಳನ್ನು ಕೊಳ್ಳಬೇಕು. ರಾಯಭಾರ ಕಚೇರಿಗಳ ಸ್ಥಿತಿ ಬೇರೆ. ಮೊಬೈಲ್ ಸೇವೆ ನೀಡಲು ಆಯಾ ದೇಶದ ಪರವಾನಗಿ ಅಗತ್ಯವಾದುದರಿಂದ ಅಲ್ಲಿಯ ಕಂಪನಿಗಳೇ ಸ್ಪರ್ಧಿಗಳಾಗುತ್ತವೆ. ಅವುಗಳನ್ನು ಭಾರತದ ಜಾಲತಾಣಕ್ಕೆ ಬಂದು ನೋಂದಾಯಿಸಿಕೊಳ್ಳಿರೆಂದರೆ ಸ್ಪರ್ಧೆಯೇ ಕುಂದೀತು. ಇದನ್ನು ಮನಗಂಡು, ವಿದೇಶದಲ್ಲಿರುವ ಭಾರತೀಯ ಕಚೇರಿಗಳ ಟೆಂಡರನ್ನು ಇ-ಸಂಗ್ರಹಣೆಯಿಂದ ಬಿಡುಗಡೆ ಮಾಡುವ ಅಧಿಕಾರವನ್ನು ಸಕ್ಷಮ ಪ್ರಾಧಿಕಾರಕ್ಕೆ ನಿಯಮ 160 ನೀಡಿದೆ. ಇದು ವಿಧಾನದಲ್ಲಿನ ವಿನಾಯಿತಿಯೇ ಹೊರತು ಲೆಕ್ಕ ಕೊಡುವುದರಿಂದ ವಿನಾಯಿತಿಯಲ್ಲ. ಭಾರತದ ಲೆಕ್ಕನಿಯಂತ್ರಕರು ಮತ್ತು ಮಹಾಲೇಖಪರಿಶೋಧಕರ ಅಧೀನದಲ್ಲಿ ಲಂಡನ್, ವಾಷಿಂಗ್ಟನ್ ಮತ್ತು ಕ್ವಾಲಾಲಂಪುರಗಳಲ್ಲಿ ಲೆಕ್ಕಪರಿಶೋಧನಾ ಕಚೇರಿಗಳಿದ್ದು, ವಿದೇಶದಲ್ಲಿ ಆಗುವ ವೆಚ್ಚವೂ ಪರಿಶೋಧನೆಗೆ ಒಳಪಡುತ್ತದೆ.

ಕಡಿಮೆ ದರ ಯಾವುದು?

ದೂರವಾಣಿ ಉಪಕರಣವು ಸರಕು, ಸಂಪರ್ಕವು ಸೇವೆ. ಉಪಕರಣದ ಬೆಲೆ ಒಂದೇ ಅಂಕಿಯಲ್ಲಿ ಮುಗಿಯುತ್ತದೆ. ಸೇವೆಯ ಬೆಲೆಯಾದರೋ ಮಾಸಿಕ ಬಾಡಿಗೆ, ಡೇಟಾ, ಸ್ಥಳೀಯ ಕರೆ, ಭಾರತಕ್ಕೆ ಮಾಡುವ ಕರೆ, ರೋಮಿಂಗ್ ಎಂದು ಹಲವು ಕವಲುಗಳಾಗಿ ಒಡೆಯುತ್ತದೆ. ಎಲ್ಲಕ್ಕಿಂತ ಕಡಿಮೆ ದರ ನಮೂದಿಸಿದವರಿಗೆ ಟೆಂಡರು ಎಂಬ ನಿಯಮವು ಸರಳವಾಗಿ ಕಂಡರೂ, ಆ ಕಡಿಮೆ ದರವನ್ನು ನಿಗದಿಪಡಿಸುವುದೇ ಕಠಿಣವಾದ ಕೆಲಸ.

ಒಂದು ಕಾಲ್ಪನಿಕ ಲೆಕ್ಕವನ್ನು ನೋಡಬಹುದು. ಕಚೇರಿಯೊಂದಕ್ಕೆ 40 ಸಂಪರ್ಕಗಳು ಬೇಕು. ಎಲ್ಲ ಸೇರಿ ತಿಂಗಳಿಗೆ 2,000 ನಿಮಿಷಗಳಷ್ಟು ಭಾರತಕ್ಕೆ ಕರೆಗಳಿವೆ. ಮೊದಲನೆಯ ಕಂಪನಿಯು ಈ ಕರೆಗಳನ್ನೂ ಸೇರಿಸಿ ಸಂಪರ್ಕವೊಂದಕ್ಕೆ 600 ರೂ. ಕೇಳುತ್ತದೆ. ಎರಡನೆಯದು 450 ರೂ. ಬಾಡಿಗೆ ಮತ್ತು ಭಾರತಕ್ಕೆ ನಿಮಿಷಕ್ಕೆ 4 ರೂ. ಕೇಳುತ್ತದೆ. ಬಾಡಿಗೆಯನ್ನಷ್ಟೇ ಹೋಲಿಸಿದರೆ 18,000 ರೂ.ಗಳ ಎರಡನೆಯ ಕಂಪನಿಯೇ ಅಗ್ಗ. ಕರೆಗಳ 8,000 ರೂ. ಸೇರಿದೊಡನೆ ಅದು 26,000 ರೂ. ಆಗುತ್ತದೆ; ಮೊದಲನೆಯದು 24,000 ರೂ.ಗಳಲ್ಲಿಯೇ ನಿಲ್ಲುತ್ತದೆ. ವರ್ಷಕ್ಕೆ 24,000 ರೂ.ಗಳ ವ್ಯತ್ಯಾಸ. ಅಂದಾಜು ಬಳಕೆಯನ್ನು ಟೆಂಡರ್ ಪತ್ರದಲ್ಲಿ ಮೊದಲೇ ನಮೂದಿಸಿದ್ದರೆ ಮಾತ್ರ ಈ ಹೋಲಿಕೆ ಸಾಧ್ಯ. ಬಿಡ್ ತೆರೆದ ಮೇಲೆ ಹೊಸ ಅಳತೆಗೋಲನ್ನು ತರುವಂತಿಲ್ಲ. ಪತ್ರದಲ್ಲಿ ಬಳಕೆಯ ಅಂದಾಜು ಇಲ್ಲದಿದ್ದರೆ, ಬಿಡ್‌ಪೂರ್ವ ಹಂತದಲ್ಲಿಯೇ ಲಿಖಿತವಾಗಿ ಕೇಳುವುದು ವರ್ತಕರಿಗೆ ಕ್ಷೇಮಕರ.

ವಿದೇಶಿ ಕಚೇರಿಯು ಗ್ರಾಹಕವಾದಾಗ

ಇದೇ ವಿಷಯಕ್ಕೆ ಮತ್ತೊಂದು ಮುಖವಿದೆ. ಬೆಂಗಳೂರಿನಲ್ಲಿ ಹಲವು ದೇಶಗಳ ದೂತಾವಾಸಗಳಿವೆ. 2025ರ ಜನವರಿಯಲ್ಲಿ ಅಮೆರಿಕದ ದೂತಾವಾಸವೂ ಉದ್ಘಾಟನೆಗೊಂಡಿತು. ಇಂತಹ ಕಚೇರಿಗಳಿಗೆ ತೆರಿಗೆಯಿಲ್ಲವೆಂದು ತಿಳಿದು ಜಿಎಸ್‌ಟಿ ಇಲ್ಲದೆಯೇ ಬಿಲ್ಲು ಬರೆಯುವುದು ತಪ್ಪು. ದೂತಾವಾಸವು ಯುಐಎನ್ ಎಂಬ ವಿಶಿಷ್ಟ ಗುರುತಿನ ಸಂಖ್ಯೆಯನ್ನು ಪಡೆದಿರುತ್ತದೆ. ಸರಬರಾಜುದಾರನು ಎಂದಿನಂತೆ ತೆರಿಗೆ ವಿಧಿಸಿ, ಆ ಸಂಖ್ಯೆಯನ್ನು ಬಿಲ್ಲಿನಲ್ಲಿ ಕಾಣಿಸಬೇಕು. ತೆರಿಗೆಯನ್ನು ಮರಳಿ ಪಡೆಯುವುದು ದೂತಾವಾಸದ ಕೆಲಸ. ಕೇಂದ್ರ ಜಿಎಸ್‌ಟಿ ಅಧಿನಿಯಮದ 55ನೇ ಪ್ರಕರಣದನ್ವಯ ಅದು ಆರ್‌ಎಫ್‌ಡಿ-10 ನಮೂನೆಯಲ್ಲಿ ಅರ್ಜಿ ಸಲ್ಲಿಸುತ್ತದೆ. ಶೇ. 18ರ ತೆರಿಗೆಯಿರುವ ಸೇವೆಗೆ ತೆರಿಗೆ ಹಾಕದೆ 1,00,000 ರೂ. ಪಡೆದವರು, ಬಂದ ಹಣದಲ್ಲಿಯೇ ತೆರಿಗೆ ಅಡಕವಾಗಿದೆಯೆಂದು ಲೆಕ್ಕ ಹಾಕಿದರೂ 15,254 ರೂ.ಗಳನ್ನು ಕೈಯಿಂದ ಕಟ್ಟಬೇಕಾಗುತ್ತದೆ. ಸಣ್ಣ ಉದ್ಯಮಕ್ಕೆ ಅದು ಇಡೀ ಲಾಭವೇ ಆಗಿರಬಹುದು. ಇನ್ನು ಬಿಲ್ಲಿನಲ್ಲಿ ಯುಐಎನ್ ಬಿಟ್ಟುಹೋದರೆ ಗ್ರಾಹಕರ ಮರುಪಾವತಿಗೆ ತೊಡಕಾಗಿ, ಮುಂದಿನ ವ್ಯವಹಾರವೇ ತಪ್ಪೀತು.

ಸ್ಥಳೀಯ ಟೆಂಡರುಗಳಲ್ಲಿ

ರಾಜ್ಯದ ಇಲಾಖೆಗಳಿಗೂ ಸ್ಥಳೀಯ ಸಂಸ್ಥೆಗಳಿಗೂ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಅನ್ವಯಿಸುತ್ತದೆ. ಟೆಂಡರ್ ಅಂಗೀಕಾರದ ಆದೇಶದಿಂದ ಬಾಧಿತರಾದವರಿಗೆ 16ನೇ ಪ್ರಕರಣದಲ್ಲಿ ಮೇಲ್ಮನವಿಯ ಹಕ್ಕಿದ್ದು, ಆದೇಶ ತಲುಪಿದ 30 ದಿನಗಳೊಳಗೆ ಸಲ್ಲಿಸಬೇಕು.

ಕೇಂದ್ರದ ಇಲಾಖೆಗಳು ಹಾಗೂ ಉದ್ಯಮಗಳು ತಮ್ಮ ವಾರ್ಷಿಕ ಖರೀದಿಯ ಶೇ. 25ರಷ್ಟನ್ನು ಅತಿ ಸಣ್ಣ ಮತ್ತು ಸಣ್ಣ ಉದ್ಯಮಗಳಿಂದ ಮಾಡಬೇಕೆಂಬುದು 2012ರ ಆದೇಶಕ್ಕೆ 2018ರಲ್ಲಾದ ತಿದ್ದುಪಡಿ. ಅಂತಹ ಉದ್ಯಮಗಳು ಮುಂಗಡ ಠೇವಣಿ ಕಟ್ಟಬೇಕಾಗಿಲ್ಲ. ಆದರೆ ಈ ಸೌಲಭ್ಯವು ತಯಾರಕರಿಗೂ ಸೇವಾದಾರರಿಗೂ ಮೀಸಲು. 2021ರಲ್ಲಿ ಚಿಲ್ಲರೆ ಮತ್ತು ಸಗಟು ವ್ಯಾಪಾರಿಗಳಿಗೆ ಉದ್ಯಮ್ ನೋಂದಣಿ ದೊರೆತದ್ದು ಬ್ಯಾಂಕುಗಳ ಆದ್ಯತಾ ವಲಯದ ಸಾಲಕ್ಕೆ ಮಾತ್ರ. ಕೊಂಡು ಮಾರುವ ವ್ಯಾಪಾರಿಯು ನೋಂದಣಿ ಪತ್ರವನ್ನು ನಂಬಿ ಠೇವಣಿಯಿಲ್ಲದೆ ಬಿಡ್ ಸಲ್ಲಿಸಿದರೆ ಅದು ತಿರಸ್ಕೃತವಾಗಬಹುದು.

ಪಾವತಿಯ ವಿಷಯವೂ ಮುಖ್ಯ. ಅತಿ ಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ 45 ದಿನಗಳನ್ನು ಮೀರದಂತೆ ಹಣ ಸಲ್ಲಬೇಕೆಂದು 2006ರ ಅಧಿನಿಯಮದ 15ನೇ ಪ್ರಕರಣವು ವಿಧಿಸಿದೆ. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2,50,000 ರೂ. ಮೀರಿದ ಕರಾರಿನಲ್ಲಿ ಸರ್ಕಾರಿ ಕಚೇರಿಯು ಶೇ. 2ರಷ್ಟು ಜಿಎಸ್‌ಟಿಯನ್ನು ಮೂಲದಲ್ಲಿಯೇ ಕಡಿತಗೊಳಿಸುತ್ತದೆ. ಅದು ನಷ್ಟವಲ್ಲ, ಜಾಲತಾಣದಲ್ಲಿ ಒಪ್ಪಿಗೆ ನೀಡಿದರೆ ನಗದು ಖಾತೆಗೆ ಜಮೆಯಾಗುತ್ತದೆ. ಒಪ್ಪಿಗೆ ನೀಡಲು ಮರೆತವರ ಹಣ ಮಾತ್ರ ಅಲ್ಲಿಯೇ ಉಳಿಯುತ್ತದೆ.

ಹಾಲುರಾಮೇಶ್ವರದ ಗಂಗಾ ಕೊಳದೆದುರು ಭಕ್ತರು ಮನಸ್ಸಿನಲ್ಲಿಯೇ ಬೇಡಿಕೊಂಡು ಕಾಯುತ್ತಾರೆ. ತೇಲಿ ಬಂದುದನ್ನು ಪ್ರಸಾದವೆಂದು ಸ್ವೀಕರಿಸುತ್ತಾರೆ. ಟೆಂಡರಿನಲ್ಲಿ ಮನಸ್ಸಿನ ಮಾತಿಗೆ ಬೆಲೆಯಿಲ್ಲ. ಕೊಳ್ಳುವವರಾಗಲಿ ಮಾರುವವರಾಗಲಿ, ಕಾಗದದ ಮೇಲೆ ಬರೆದುದಷ್ಟೇ ದೊರೆಯುತ್ತದೆ. ಆದ್ದರಿಂದ ದರ ನಮೂದಿಸುವುದಕ್ಕೆ ಮುನ್ನ ಷರತ್ತುಗಳನ್ನು ಆದ್ಯಂತ ಓದುವುದು, ಸಂದೇಹವನ್ನು ಲಿಖಿತವಾಗಿ ಕೇಳುವುದು ಮತ್ತು ತೆರಿಗೆಯನ್ನು ಪ್ರತ್ಯೇಕವಾಗಿ ಕಾಣಿಸುವುದು ಪ್ರತಿಯೊಬ್ಬ ವರ್ತಕರೂ ಪಾಲಿಸಬೇಕಾದ ಕ್ರಮವಾಗಿದೆ.