ಹೃದ್ರೋಗಿಯ ಗುಳಿಗೆ ಮತ್ತು ಔಷಧಿಕಾರ

ಹೃದಯಾಘಾತದಿಂದ ಚೇತರಿಸಿಕೊಂಡು ಮಂಗಳೂರಿನ ಆಸ್ಪತ್ರೆಯಿಂದ ಬಂಟ್ವಾಳಕ್ಕೋ ಬೆಳ್ತಂಗಡಿಗೋ ಮೂಡುಬಿದಿರೆಗೋ ಮರಳುವ ರೋಗಿಯ ಕೈಯಲ್ಲಿ ನಾಲ್ಕಾರು ಬಗೆಯ ಗುಳಿಗೆಗಳಿರುತ್ತವೆ. ಕೆಲವು ತಿಂಗಳಲ್ಲಿ ಎದೆನೋವು ಮರೆಯಾಗುತ್ತದೆ. ಅದರೊಡನೆ ಗುಳಿಗೆಯೂ ಮರೆತುಹೋಗುತ್ತದೆ. ಇದಕ್ಕಾಗಿ ರೋಗಿಯನ್ನು ಹಳಿಯುವುದು ಸುಲಭ. ಆದರೆ ಜ್ವರದ ಮದ್ದಿನಂತೆ ಈ ಔಷಧಿಗಳ ಗುಣವು ಅನುಭವಕ್ಕೆ ಬರುವಂಥದಲ್ಲ. ಮುಂದುವರಿದ ದೇಶಗಳಲ್ಲಿಯೂ ದೀರ್ಘಕಾಲದ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ಮಾತ್ರವೇ ಔಷಧಿಯನ್ನು ಕ್ರಮವಾಗಿ ಸೇವಿಸುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯು 2003ರಲ್ಲಿ ತಿಳಿಸಿತು.

ಆಸ್ಪಿರಿನ್ನನ್ನೇ ನೋಡೋಣ. ರಕ್ತದಲ್ಲಿನ ಕಿರುತಟ್ಟೆ, ಎಂದರೆ ಪ್ಲೇಟ್‌ಲೆಟ್ ಎಂಬ ಕಣಗಳು ಒಂದಕ್ಕೊಂದು ಅಂಟಿ ಹೆಪ್ಪುಗಟ್ಟುವುದನ್ನು ಅದು ತಡೆಯುತ್ತದೆ. ಅದರ ಪ್ರಭಾವಕ್ಕೆ ಒಳಗಾದ ಕಣವು ತನ್ನ ಎಂಟು-ಹತ್ತು ದಿನಗಳ ಆಯುಷ್ಯವಿಡೀ ಹಾಗೆಯೇ ಉಳಿಯುವುದಾದರೂ, ಮೂಳೆಯ ಮಜ್ಜೆಯಿಂದ ಹೊಸ ಕಣಗಳು ದಿನವೂ ಬರುತ್ತಿರುತ್ತವೆ. ಆದುದರಿಂದ ಗುಳಿಗೆಯೂ ದಿನವೂ ಬೇಕು. ಹೃದಯದ ಬಡಿತವನ್ನು ತಗ್ಗಿಸುವ ಮೆಟೊಪ್ರೊಲಾಲ್ ಮೊದಲಾದವುಗಳ ವಿಷಯವು ಇನ್ನೂ ಸೂಕ್ಷ್ಮವಾದುದು. ಅವುಗಳನ್ನು ಥಟ್ಟನೆ ನಿಲ್ಲಿಸಿದರೆ ಅದುಮಿಟ್ಟಿದ್ದ ಪ್ರಚೋದನೆಯು ಹೃದಯದ ಮೇಲೆ ಒಮ್ಮೆಗೇ ಎರಗಿ, ಎದೆನೋವು, ಕೆಲವೊಮ್ಮೆ ಆಘಾತವೂ ಉಂಟಾಗಬಹುದು.

ತಜ್ಞವೈದ್ಯರ ದರ್ಶನವು ಕೆಲವು ತಿಂಗಳಿಗೊಮ್ಮೆ. ಔಷಧಿಯಂಗಡಿಗಾದರೋ ತಿಂಗಳಿಗೊಮ್ಮೆ ಹೋಗಲೇಬೇಕು. ದಿನಕ್ಕೊಂದರಂತೆ 30 ಗುಳಿಗೆ ಕೊಂಡವನು 45ನೆಯ ದಿನ ಮತ್ತೆ ಬಂದನೆಂದರೆ ಮೂರು ದಿನಗಳಲ್ಲೊಂದು ತಪ್ಪಿದೆಯೆಂದು ಊಹಿಸಬಹುದು. ಇದನ್ನರಿಯಲು ಯಂತ್ರವೇನೂ ಬೇಡ, ಒಂದು ಲೆಕ್ಕದ ಪುಸ್ತಕ ಸಾಕು. 'ಗುಳಿಗೆ ತೆಗೆದುಕೊಳ್ಳುತ್ತೀರಾ?' ಎಂದರೆ ಯಾರೂ ಇಲ್ಲವೆನ್ನರು. 'ಕಳೆದ ವಾರ ಎಷ್ಟು ತಪ್ಪಿತು?' ಎಂದು ಕೇಳಿದರೆ ನಿಜವು ಹೊರಬೀಳುತ್ತದೆ: ದುಡ್ಡು ಸಾಲದು, ಒಣಕೆಮ್ಮು ಬರುತ್ತದೆ, ಪೊಟ್ಟಣದ ಮೇಲಿನ ಇಂಗ್ಲಿಷು ತಿಳಿಯದು. ಸೂರ್ಯಾಸ್ತದ ಅನಂತರ ಉಣ್ಣದ ಮೂಡುಬಿದಿರೆಯ ಜೈನ ಹಿರಿಯರಿಗೆ 'ರಾತ್ರಿ ಊಟದ ಮೇಲೆ' ಎಂದು ಬರೆದುಕೊಟ್ಟರೆ ಅವರೇನು ಮಾಡಬೇಕು? ಬಂಟ್ವಾಳದಲ್ಲಿ ರಂಜಾನಿನ ಉಪವಾಸ ಹಿಡಿದವರಿಗೆ ಮಧ್ಯಾಹ್ನದ ಗುಳಿಗೆ ಯಾವ ಹೊತ್ತಿಗೆ? ಬೆಳ್ತಂಗಡಿಯ ಘಟ್ಟದ ತಪ್ಪಲಿನವರು ಆಟಿಯ ಮಳೆಯಲ್ಲಿ ಪೇಟೆಗೆ ಬರುವ ಬಗೆ ಹೇಗೆ? ಇದನ್ನೆಲ್ಲ ತುಳುವಿನಲ್ಲೋ ಬ್ಯಾರಿಯಲ್ಲೋ ವಿಚಾರಿಸಿ, ವೈದ್ಯರ ಅನುಮತಿ ಪಡೆದು ಹೊಂದಿಸಿಕೊಡಲು ಔಷಧಿಕಾರರಿಗಿಂತ ಸಮೀಪದವರು ನಮಗೆ ಕಾಣರು. 2015ರ ನಿಯಮಗಳು ರೋಗಿಗೆ ತಿಳಿವಳಿಕೆ ಹೇಳುವುದನ್ನು ಅವರ ಕರ್ತವ್ಯಗಳಲ್ಲಿ ಸೇರಿಸಿವೆ. ಅಂಗಡಿಯ ನೂಕುನುಗ್ಗಲಿನಲ್ಲಿ ಅದಕ್ಕೆ ಬಿಡುವೆಲ್ಲಿ ಎಂಬುದು ಬೇರೆ ಮಾತು.

ಇದರ ಫಲವೇನೆಂಬುದಕ್ಕೆ 2006ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗವನ್ನು ನೋಡಬಹುದು. ರಕ್ತದ ಒತ್ತಡ ಹಾಗೂ ಕೊಲೆಸ್ಟರಾಲಿಗೆ ಔಷಧಿ ಸೇವಿಸುತ್ತಿದ್ದ 200 ಮಂದಿ ವೃದ್ಧರಿಗೆ ಔಷಧಿಕಾರರು ತಿಳಿಯಹೇಳಿ, ಗುಳಿಗೆಗಳನ್ನು ಹೊತ್ತಿಗೆ ತಕ್ಕಂತೆ ಕಟ್ಟಿಕೊಟ್ಟು, ಎರಡು ತಿಂಗಳಿಗೊಮ್ಮೆ ವಿಚಾರಿಸಿದರು. ಶೇಕಡ 61ರಷ್ಟಿದ್ದ ಸೇವನೆಯ ಕ್ರಮವು ಆರು ತಿಂಗಳಲ್ಲಿ 97ಕ್ಕೆ ಏರಿತು. ಬಳಿಕ ಅರ್ಧದಷ್ಟು ಮಂದಿಗೆ ಈ ನೆರವನ್ನು ನಿಲ್ಲಿಸಲಾಯಿತು. ಮತ್ತಾರು ತಿಂಗಳಲ್ಲಿ ಅವರದು 69ಕ್ಕೆ ಇಳಿಯಿತು. ನೆರವು ಮುಂದುವರಿದವರದು 96ರ ಹತ್ತಿರವೇ ಉಳಿಯಿತು.