ನಿಮಗಿದು ಗೊತ್ತೆ? ಮೇಜೂ ಚಾಡಿ ಹೇಳುತ್ತದೆ!

ನೀವು ರಜೆ ಹಾಕಿದ ದಿನವೂ ಕಚೇರಿಯ ನಿಮ್ಮ ಮೇಜು ನಿಮ್ಮ ಬಗ್ಗೆ ಮಾತಾಡುತ್ತಲೇ ಇರುತ್ತದೆ. ಅಮೆರಿಕದ ಮನೋವಿಜ್ಞಾನಿ ಸ್ಯಾಮ್ ಗಾಸ್ಲಿಂಗ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿಯೇ ನೋಡಿದರು. 94 ಮಂದಿಯ ಕೆಲಸದ ಜಾಗಗಳಿಗೆ ಅಪರಿಚಿತರನ್ನು ಕಳುಹಿಸಿ, ಇಲ್ಲಿ ಕೂರುವವರು ಎಂಥವರು ಎಂದು ಊಹಿಸಲು ಹೇಳಿದರು. ಫೋಟೊ, ಹೆಸರುಗಳನ್ನೆಲ್ಲ ಮೊದಲೇ ಮುಚ್ಚಿಡಲಾಗಿತ್ತು.

2002ರಲ್ಲಿ ಪ್ರಕಟವಾದ ಫಲಿತಾಂಶ ಸ್ವಾರಸ್ಯಕರ. ಹೊಸ ವಿಚಾರಗಳಿಗೆ ತೆರೆದುಕೊಳ್ಳುವ ಗುಣವನ್ನು ಅಪರಿಚಿತರು ಎಲ್ಲಕ್ಕಿಂತ ಚೆನ್ನಾಗಿ ಗುರುತಿಸಿದ್ದರು. ಎಲ್ಲರಂತಲ್ಲದ ಅಲಂಕಾರವೇ ಅದಕ್ಕೆ ಮುಖ್ಯ ಸುಳಿವು. ಶಿಸ್ತು, ಜನರೊಡನೆ ಬೆರೆಯುವ ಸ್ವಭಾವ ತಕ್ಕಮಟ್ಟಿಗೆ ತಿಳಿಯಿತು. ಆದರೆ ಆ ವ್ಯಕ್ತಿ ಸೌಮ್ಯವೋ ಸಿಡುಕೋ ಎಂಬುದು ಮಾತ್ರ ಕಚೇರಿ ನೋಡಿದವರ ಊಹೆಗೆ ಸಿಗಲಿಲ್ಲ. ಒಪ್ಪವಾದ ಮೇಜಿನ ಹಿಂದೆ ಒಳ್ಳೆಯವರೇ ಕೂತಿರುತ್ತಾರೆ ಎಂದು ನಂಬಬೇಡಿ!

ಹರಡಿದ ಮೇಜಿನವರೂ ಕಂಗೆಡಬೇಕಿಲ್ಲ. 1955ರ ಏಪ್ರಿಲ್ 18ರಂದು ಐನ್‌ಸ್ಟೀನ್ ತೀರಿಕೊಂಡ ದಿನವೇ ‘ಲೈಫ್’ ಪತ್ರಿಕೆಯ ಛಾಯಾಗ್ರಾಹಕ ರಾಲ್ಫ್ ಮೋರ್ಸ್, ಐನ್‌ಸ್ಟೀನ್ ಅವರ ಪ್ರಿನ್ಸ್‌ಟನ್ ಕಚೇರಿಯ ಚಿತ್ರ ತೆಗೆದರು. ಮೇಜಿನ ತುಂಬ ಕಾಗದದ ರಾಶಿ! ಬಾಸ್ ಗದರಿದರೆ ಈ ಚಿತ್ರ ತೋರಿಸಿ. ನಿನ್ನೆಯ ಕಾಫಿ ಲೋಟವನ್ನು ಮಾತ್ರ ಅದಕ್ಕೆ ಮೊದಲೇ ತೆಗೆದಿಡಿ.